ಸಭೆ ನಡೆದಿದೆ, ಸರಿ, ಚರ್ಚೆ ನಡೆದಿದೆಯೇ?

ಪ್ರಶ್ನೆ: ನಾನು ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಮೇಲ್ವಿಚಾರಕಿ. ನಮ್ಮ ಸಮುದಾಯ ಆರೋಗ್ಯ ಕಾರ್ಯಕರ್ತೆಯರು ತಿಂಗಳಿಗೊಮ್ಮೆ ಮಹಿಳಾ ಗುಂಪುಗಳನ್ನು ಸೇರಿಸಿ, ಗರ್ಭಿಣಿಯರ ಮತ್ತು ನವಜಾತ ಶಿಶುಗಳ ಆರೈಕೆಯ ಕುರಿತು ಚರ್ಚೆ ನಡೆಸುತ್ತಾರೆ. ಹತ್ತರಲ್ಲಿ ಒಂಬತ್ತು ಸಭೆಗಳು ನಡೆದಿವೆ ಎಂದು ವರದಿಗಳು ಹೇಳುತ್ತವೆ. ಆದರೂ ಮನೆಗಳಲ್ಲಿ ಹೆಚ್ಚಿನ ಬದಲಾವಣೆ ಕಾಣುತ್ತಿಲ್ಲ. ಶಿಶುಮರಣ ಇಳಿದಿದೆಯೇ ಎಂದು ಎಣಿಸಬೇಕೇ, ಇಲ್ಲವೇ ಕಾರ್ಯಕರ್ತೆಯರ ಕೆಲಸವನ್ನೇ ಮೊದಲು ಅಳೆಯಬೇಕೇ? ಅಳೆಯುವುದಾದರೆ ಅವರ ಮನಸ್ಸಿಗೆ ನೋವಾಗದಂತೆ ಅಳೆಯುವುದು ಹೇಗೆ?

ಉತ್ತರ: ಮರಣಗಳ ಎಣಿಕೆಯನ್ನು ಸದ್ಯಕ್ಕೆ ಬಿಟ್ಟುಬಿಡಿ. ನಿಮ್ಮ ಕಾರ್ಯಕ್ಷೇತ್ರದಲ್ಲಿ ವರ್ಷಕ್ಕೆ 500 ಹೆರಿಗೆಗಳಾಗುತ್ತವೆ, ಸಾವಿರ ಜನನಕ್ಕೆ ಸುಮಾರು 30 ನವಜಾತ ಶಿಶುಗಳು ಸಾಯುತ್ತವೆ ಎಂದುಕೊಂಡರೆ, ವರ್ಷಕ್ಕೆ 15 ಸಾವುಗಳನ್ನು ನಿರೀಕ್ಷಿಸಬಹುದು. ಆದರೆ ಏನೂ ಬದಲಾಗದಿದ್ದರೂ ಆ ಸಂಖ್ಯೆ ಒಂದು ವರ್ಷ 9ಕ್ಕೆ ಇಳಿದು ಮರುವರ್ಷ 21ಕ್ಕೆ ಏರುವುದು ಕೇವಲ ಆಕಸ್ಮಿಕವಾಗಿಯೂ ಸಾಧ್ಯ. ಅಷ್ಟು ಚಿಕ್ಕ ಸಂಖ್ಯೆಯನ್ನು ಹಿಡಿದುಕೊಂಡು ಕಾರ್ಯಕ್ರಮವನ್ನು ಹೊಗಳುವುದೂ ತಪ್ಪು, ತೆಗಳುವುದೂ ತಪ್ಪು. ಇಂತಹ ಗುಂಪುಗಳಿಂದ ನವಜಾತ ಶಿಶುಗಳ ಸಾವು ತಗ್ಗುತ್ತದೆ ಎಂಬುದನ್ನು ದೊಡ್ಡ ಪ್ರಯೋಗಗಳು ಈಗಾಗಲೇ ತೋರಿಸಿಕೊಟ್ಟಿವೆ. ನಿಮ್ಮ ಮುಂದಿರುವ ಪ್ರಶ್ನೆ ಬೇರೆ: ಅಲ್ಲಿ ಫಲ ಕೊಟ್ಟ ಕೆಲಸವೇ ನಿಮ್ಮಲ್ಲಿಯೂ ನಡೆಯುತ್ತಿದೆಯೇ?

ಆ ಪ್ರಯೋಗಗಳಲ್ಲಿ ಒಂದು ಹೋಲಿಕೆ ನಿಮಗೆ ಬಹಳ ಉಪಯುಕ್ತ. ಜಾರ್ಖಂಡ್ ಮತ್ತು ಒಡಿಶಾದ ಬುಡಕಟ್ಟು ಜನರು ಹೆಚ್ಚಾಗಿರುವ ಪ್ರದೇಶಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಹಿಳಾ ಗುಂಪುಗಳಿದ್ದ ಕಡೆ ನವಜಾತ ಶಿಶುಗಳ ಮರಣ ಶೇ. 32ರಷ್ಟು ಕಡಿಮೆಯಿತ್ತು. ಅದೇ ವರ್ಷ ಪ್ರಕಟವಾದ ಬಾಂಗ್ಲಾದೇಶದ ಪ್ರಯೋಗದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವೇನೂ ಕಾಣಲಿಲ್ಲ. ಎರಡೂ ಕಡೆ ವಿಧಾನ ಹೆಚ್ಚುಕಡಿಮೆ ಒಂದೇ ಆಗಿತ್ತು, ಆದರೆ ಮೊದಲನೆಯದರಲ್ಲಿ ಸುಮಾರು 468 ಜನರಿಗೊಂದು ಗುಂಪಿದ್ದರೆ ಎರಡನೆಯದರಲ್ಲಿ ಸುಮಾರು 1,414 ಜನರಿಗೊಂದು ಗುಂಪಿತ್ತು. ಮುಂದೆ ಬಾಂಗ್ಲಾದೇಶದಲ್ಲಿಯೇ ಗುಂಪುಗಳನ್ನು ಸುಮಾರು 309 ಜನರಿಗೊಂದರಂತೆ ಹೆಚ್ಚಿಸಿದಾಗ ಮರಣ ಸ್ಪಷ್ಟವಾಗಿ ಇಳಿಯಿತು. 2013ರಲ್ಲಿ ನಾಲ್ಕು ದೇಶಗಳ ಏಳು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ವಿಶ್ಲೇಷಣೆಯೂ ಇದನ್ನೇ ಸೂಚಿಸಿತು, ಗರ್ಭಿಣಿಯರಲ್ಲಿ ಶೇ. 30ರಷ್ಟಾದರೂ ಮಂದಿ ಭಾಗವಹಿಸಿದ್ದ ಕಡೆಗಳಲ್ಲಿ ಪರಿಣಾಮ ಎದ್ದು ಕಾಣುತ್ತಿತ್ತು.

ಆದ್ದರಿಂದ ನಿಮ್ಮ 'ಹತ್ತರಲ್ಲಿ ಒಂಬತ್ತು' ಎಂಬ ಲೆಕ್ಕ ಬಹಳ ಮುಖ್ಯವಾದದ್ದನ್ನು ಹೇಳದೇ ಬಿಟ್ಟಿದೆ. ಕಾರ್ಯಕರ್ತೆಯೊಬ್ಬಳ ವ್ಯಾಪ್ತಿಯಲ್ಲಿ 24 ಗರ್ಭಿಣಿಯರಿದ್ದು, ಆಕೆಯ ಸಭೆಗೆ ತಪ್ಪದೇ 20 ಮಹಿಳೆಯರು ಬರುತ್ತಿದ್ದರೂ, ಅವರಲ್ಲಿ ಗರ್ಭಿಣಿಯರು ನಾಲ್ವರೇ ಆಗಿದ್ದರೆ ಕಾರ್ಯಕ್ರಮ ತಲುಪಬೇಕಾದವರಲ್ಲಿ ಆರರಲ್ಲಿ ಒಬ್ಬರನ್ನು ಮಾತ್ರ ತಲುಪಿದಂತಾಯಿತು. ಹಾಜರಿ ಪುಸ್ತಕದ ಹೆಸರುಗಳನ್ನು ಗರ್ಭಿಣಿಯರ ನೋಂದಣಿ ಪಟ್ಟಿಯೊಂದಿಗೆ ತಾಳೆ ಹಾಕಿ ನೋಡಿ. ಒಂದು ಮಧ್ಯಾಹ್ನದ ಕೆಲಸ. ಅನಂತರ ಪಟ್ಟಿಯಲ್ಲಿದ್ದೂ ಸಭೆಗೆ ಬಾರದವರ ಮನೆಗಳಿಗೆ ಹೋಗಿ, ಕಾರಣವನ್ನು ಅವರ ಬಾಯಿಂದಲೇ ಕೇಳಿ. ಕೂಲಿ ತಪ್ಪುತ್ತದೆ, ಅತ್ತೆ ಕಳಿಸುವುದಿಲ್ಲ, ಸಭೆ ಸೇರುವ ಮನೆಯವರಿಗೂ ನಮಗೂ ಹೊಂದಿಕೆಯಿಲ್ಲ ಎಂಬಂತಹ ಉತ್ತರಗಳು ಯಾವ ನಮೂನೆಯಲ್ಲಿಯೂ ಸಿಗುವುದಿಲ್ಲ. ಸಭೆಗೆ ಬಂದವರನ್ನಷ್ಟೇ ಕೇಳುವ ಮೌಲ್ಯಮಾಪನ ಬರುವವರ ತೃಪ್ತಿಯನ್ನು ಅಳೆಯುತ್ತದೆಯೇ ಹೊರತು ಕಾರ್ಯಕ್ರಮವನ್ನಲ್ಲ.

ಇನ್ನು ಸಭೆಯ ಒಳಗಿನ ವಿಚಾರ. ನನ್ನ ದೃಷ್ಟಿಯಲ್ಲಿ ಮೌಲ್ಯಮಾಪನದ ತಿರುಳು ಇರುವುದೇ ಇಲ್ಲಿ. ಈ ಗುಂಪುಗಳ ಉದ್ದೇಶ ಉಪನ್ಯಾಸವಲ್ಲ. ಮಹಿಳೆಯರೇ ತಮ್ಮ ಸಮಸ್ಯೆಗಳನ್ನು ಗುರುತಿಸಿ, ಯಾವುದು ಮೊದಲೆಂದು ಆರಿಸಿ, ತಮ್ಮ ಕೈಲಾಗುವ ಪರಿಹಾರವನ್ನು ಯೋಜಿಸಿ, ಅದನ್ನು ನಡೆಸಿ, ಫಲವೇನಾಯಿತೆಂದು ತಾವೇ ಪರಾಮರ್ಶಿಸುವ ಒಂದು ಆವರ್ತ. ನಾನು ಕುಳಿತು ನೋಡಿದ ಎಷ್ಟೋ ಸಭೆಗಳಲ್ಲಿ ಕಾರ್ಯಕರ್ತೆ ಚಿತ್ರಪಟಗಳನ್ನು ಒಂದಾದ ಮೇಲೊಂದು ಎತ್ತಿ ತೋರಿಸಿ, ಅರ್ಧ ಗಂಟೆ ಪಾಠ ಹೇಳಿ, 'ಅರ್ಥವಾಯಿತೇ?' ಎಂದು ಕೇಳಿದಾಗ ಎಲ್ಲರೂ ತಲೆಯಾಡಿಸಿದ್ದುಂಟು. ದಾಖಲೆಯಲ್ಲಿ ಅದು ಪರಿಪೂರ್ಣ ಸಭೆ. ನೀವು ಗಮನಿಸಬೇಕಾದ ಸಂಗತಿಗಳು ಕೆಲವೇ: ಒಟ್ಟು ಸಮಯದಲ್ಲಿ ಕಾರ್ಯಕರ್ತೆ ಎಷ್ಟು ನಿಮಿಷ ಮಾತನಾಡಿದಳು, ಬಂದವರಲ್ಲಿ ಎಷ್ಟು ಮಂದಿ ಒಮ್ಮೆಯಾದರೂ ಬಾಯಿಬಿಟ್ಟರು, ಹಿಂದಿನ ಸಭೆಯ ತೀರ್ಮಾನ ಏನಾಯಿತೆಂದು ಯಾರಾದರೂ ಕೇಳಿದರೇ, ಒಬ್ಬಾಕೆ ಒಪ್ಪದಿದ್ದಾಗ ಆ ಮಾತಿಗೆ ಏನಾಯಿತು. ಕೊನೆಯದನ್ನು ಅಂಕಗಳಲ್ಲಿ ಹಿಡಿಯಲಾಗದು. ನಡೆದದ್ದನ್ನು ನಾಲ್ಕು ಸಾಲುಗಳಲ್ಲಿ ಬರೆದಿಟ್ಟುಕೊಳ್ಳಬೇಕು.

ಕೈಪಿಡಿಯಲ್ಲಿದ್ದಂತೆಯೇ ನಡೆಯಿತೇ ಎಂದು ನೋಡುವಾಗ ಒಂದು ವಿವೇಚನೆ ಬೇಕು. ಕಾರ್ಯಕರ್ತೆ ಕೈಪಿಡಿಯ ಕಥೆಯನ್ನು ಬಿಟ್ಟು ತನ್ನ ಊರಿನ ಘಟನೆಯೊಂದನ್ನು ಹೇಳಿದರೆ ಅದು ಲೋಪವಲ್ಲ, ಜಾಣ್ಮೆ. ಆದರೆ ಸಮಯ ಸಾಲಲಿಲ್ಲವೆಂದು ಮಹಿಳೆಯರು ಸಮಸ್ಯೆಯನ್ನು ಆರಿಸುವ ಹಂತವನ್ನೇ ಕೈಬಿಟ್ಟು ತಾನೇ ಆರಿಸಿಬಿಟ್ಟರೆ, ಉಳಿದೆಲ್ಲವೂ ಅಚ್ಚುಕಟ್ಟಾಗಿದ್ದರೂ ಕಾರ್ಯಕ್ರಮದ ಜೀವವೇ ಹೋದಂತೆ. ಯಾವುದನ್ನು ಬದಲಾಯಿಸಬಹುದು, ಯಾವುದನ್ನು ಬದಲಾಯಿಸಬಾರದು ಎಂಬುದನ್ನು ಕಾರ್ಯಕರ್ತೆಯರೊಡನೆ ಕುಳಿತು ಮೊದಲೇ ಬರೆದಿಟ್ಟುಕೊಂಡರೆ ಮುಂದಿನ ವಾದಗಳು ತಪ್ಪುತ್ತವೆ.

ಸಭೆಗಳನ್ನು ಚೀಟಿ ಎತ್ತಿ ಆರಿಸಿ; ಮೇಲ್ವಿಚಾರಕಿಯರೇ ಆರಿಸಿದರೆ ಒಳ್ಳೆಯ ಸಭೆಗಳೇ ಸಿಗುತ್ತವೆ. ಹೊರಗಿನವರು ಬಂದು ಕುಳಿತ ದಿನ ಎಲ್ಲರೂ ಸ್ವಲ್ಪ ಎಚ್ಚರವಾಗಿರುವುದು ಸಹಜವಾದ್ದರಿಂದ ಒಂದೇ ಗುಂಪನ್ನು ಎರಡು ಮೂರು ಬಾರಿಯಾದರೂ ನೋಡಬೇಕು. ಹೇಳದೆ ಕೇಳದೆ ಹೋಗುವುದನ್ನು ನಾನು ಒಪ್ಪುವುದಿಲ್ಲ. ಅದರಿಂದ ಸಿಗುವ ಸತ್ಯಕ್ಕಿಂತ ಕಳೆದುಹೋಗುವ ವಿಶ್ವಾಸವೇ ದೊಡ್ಡದು.

ನೋವಿನ ಪ್ರಶ್ನೆಗೂ ಇದಕ್ಕೂ ಸಂಬಂಧವಿದೆ. ಗೌರವಧನಕ್ಕೆ ಸಹಿ ಹಾಕುವವರೇ ವೀಕ್ಷಣೆಗೆ ಬಂದರೆ ಅದು ತಪಾಸಣೆಯಾಗುತ್ತದೆ. ಆದ್ದರಿಂದ, ಕ್ಷಮಿಸಿ, ಸಹಿ ನಿಮ್ಮದಾಗಿದ್ದರೆ ವೀಕ್ಷಕಿ ನೀವಾಗಬೇಡಿ. ಸಭೆಗಿಷ್ಟು ಎಂದು ಹಣ ಕೊಡುವ ಪದ್ಧತಿಯಿದ್ದಲ್ಲಿ ಹಾಜರಿ ಪುಸ್ತಕದ ಮೇಲೆ ಹೆಚ್ಚು ಭಾರ ಹಾಕಬಾರದು. ಅದು ತುಂಬಲೇಬೇಕಾದ ಪುಸ್ತಕವಾಗಿರುತ್ತದೆ. ಜೊತೆಗೆ ಕಾರ್ಯಕರ್ತೆಯ ಪರಿಸ್ಥಿತಿಯನ್ನೂ ಅಳೆಯಿರಿ: ತರಬೇತಿ ಎಷ್ಟು ದಿನ ನಡೆಯಿತು, ಅದರಲ್ಲಿ ಆಕೆ ಸ್ವತಃ ಸಭೆ ನಡೆಸಿ ಅಭ್ಯಾಸ ಮಾಡಿದ್ದು ಎಷ್ಟು ಬಾರಿ, ಸಮೀಕ್ಷೆ ಲಸಿಕೆಗಳ ನಡುವೆ ಇದಕ್ಕೆ ಉಳಿಯುವ ಸಮಯವೆಷ್ಟು, ಕಳೆದ ತಿಂಗಳು ಆಕೆಯ ಕಷ್ಟವನ್ನು ಕೇಳಲು ಯಾರಾದರೂ ಬಂದಿದ್ದರೇ. ಜಾರ್ಖಂಡ್ ಮತ್ತು ಒಡಿಶಾದ ಐದು ಜಿಲ್ಲೆಗಳಲ್ಲಿ ಆಶಾ ಕಾರ್ಯಕರ್ತೆಯರೇ ಗುಂಪುಗಳನ್ನು ನಡೆಸಿದ ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಅಲ್ಲಿಯೂ ನವಜಾತ ಶಿಶುಗಳ ಮರಣ ಶೇ. 31ರಷ್ಟು ಕಡಿಮೆಯಿತ್ತು. ಹಾಗಾಗಿ ನಿಮ್ಮಲ್ಲಿ ಕೆಲಸ ಕುಂಟುತ್ತಿದ್ದರೆ 'ಇದು ಇವರಿಂದಾಗದು' ಎಂಬ ತೀರ್ಮಾನಕ್ಕೆ ಬರುವ ಮುನ್ನ ಬೆಂಬಲದಲ್ಲಿ ಏನು ಕೊರತೆಯಿದೆ ಎಂದು ನೋಡಬೇಕಾಗುತ್ತದೆ.

ನೀವು ಕಂಡುಕೊಂಡದ್ದನ್ನು ಕಚೇರಿಗೆ ಕಳಿಸುವ ಮೊದಲು ಆಯಾ ಕಾರ್ಯಕರ್ತೆಗೆ ತೋರಿಸಿ, ಆಕೆಯ ವಿವರಣೆಯನ್ನೂ ವರದಿಯಲ್ಲಿ ಸೇರಿಸಿ. ಆರು ತಿಂಗಳ ನಂತರ ಅದೇ ಗುಂಪುಗಳಲ್ಲಿ ಅದೇ ನಾಲ್ಕು ಸಂಗತಿಗಳನ್ನು ಮತ್ತೊಮ್ಮೆ ಗಮನಿಸಿ, ಗರ್ಭಿಣಿಯರ ಪಟ್ಟಿಯನ್ನು ಮತ್ತೊಮ್ಮೆ ತಾಳೆ ಹಾಕಿ. ಮನೆಯ ಅಭ್ಯಾಸಗಳು, ಅಂದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡುವುದು, ಮಗುವನ್ನು ಬೆಚ್ಚಗಿಡುವುದು, ಅಪಾಯದ ಚಿಹ್ನೆ ಕಂಡೊಡನೆ ಆಸ್ಪತ್ರೆಗೆ ಹೊರಡುವುದು, ಇವುಗಳ ಸಮೀಕ್ಷೆಯನ್ನು ಆಗ ಶುರುಮಾಡಿದರೆ ಸಾಕು.