ಆಟಿಸಂ ಇದೆ, ಆಫೀಸಿನಲ್ಲಿ ಏನಂತ ಕೇಳಲಿ?

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಆಟಿಸಂ ಇದೆ ಅಂತ ಹೋದ ವರ್ಷವಷ್ಟೇ ಗೊತ್ತಾಯಿತು. ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಕೆಲಸ ಇಷ್ಟ, ತಪ್ಪೂ ಕಡಿಮೆ. ಆದರೆ ನಮ್ಮ ಆಫೀಸು ಗೋಡೆಗಳಿಲ್ಲದ ದೊಡ್ಡ ಹಾಲ್. ಸುತ್ತ ಫೋನು, ಮಾತು, ತಲೆ ಮೇಲೆ ಟ್ಯೂಬ್‌ಲೈಟಿನ ಗುಂಯ್ ಸದ್ದು. ಮಧ್ಯಾಹ್ನ ಮೂರರ ಹೊತ್ತಿಗೆ ತಲೆ ಓಡುವುದೇ ಇಲ್ಲ. ಮ್ಯಾನೇಜರ್ ಓಡಾಡುತ್ತಲೇ ಕೆಲಸ ಹೇಳಿ ಹೋಗುತ್ತಾರೆ, ಅರ್ಧ ಮರೆತುಹೋಗುತ್ತದೆ. ಬಾಯಿಬಿಟ್ಟು ಹೇಳಿದರೆ ‘ಇವನ ಕೈಲಿ ಆಗಲ್ಲ’ ಅಂದುಕೊಂಡುಬಿಟ್ಟರೆ? ಏನು ಕೇಳಲಿ, ಯಾರನ್ನು ಕೇಳಲಿ?
– ಹೆಸರು ಬೇಡ

ಉತ್ತರ: ಏನು ಕೇಳಬೇಕು ಅನ್ನೋದು ನಿಮ್ಮ ಪತ್ರದಲ್ಲೇ ಇದೆ. ಸದ್ದು, ಬೆಳಕು, ಬಾಯಿಮಾತಿನಲ್ಲಿ ಬರುವ ಕೆಲಸ. ಈ ಮೂರನ್ನೇ ಕೇಳಿ.

ಎಷ್ಟೋ ಜನ ‘ನನಗೆ ಆಟಿಸಂ ಇದೆ’ ಅಂತ ಹೇಳಿ ಅಲ್ಲಿಗೇ ನಿಲ್ಲಿಸುತ್ತಾರೆ. ಎದುರಿನವರಿಗೆ ಮುಂದೇನು ಮಾಡಬೇಕು ಗೊತ್ತಾಗುವುದಿಲ್ಲ, ‘ಆಯ್ತು, ನೋಡೋಣ’ ಅಂತಾರೆ, ಮಾತು ಮುಗಿಯಿತು. ಆಟಿಸಂ, ಅಂದರೆ ಜನರೊಡನೆ ಬೆರೆಯುವ, ಸುತ್ತಲಿನದನ್ನು ಗ್ರಹಿಸುವ ರೀತಿ ಹುಟ್ಟಿನಿಂದಲೇ ಬೇರೆಯಾಗಿರುವುದು, ಒಬ್ಬೊಬ್ಬರಲ್ಲಿ ಒಂದೊಂದು ಥರ ಇರುತ್ತದೆ, ಹಾಗಾಗಿ ಹೆಸರು ಕೇಳಿದ ಮಾತ್ರಕ್ಕೆ ನಿಮಗೆ ಏನು ಬೇಕು ಅಂತ ಯಾರಿಗೂ ಹೊಳೆಯಲ್ಲ. ಯಾವ ಕೆಲಸ ಎಲ್ಲಿ ನಿಲ್ಲುತ್ತಿದೆ, ಏನು ಬದಲಾದರೆ ಸರಾಗವಾಗುತ್ತದೆ, ಇಷ್ಟನ್ನು ಹೇಳಿ. ಮ್ಯಾನೇಜರ್‌ಗೆ ಹೀಗೆ ಬರೆಯಬಹುದು:

‘ಲೆಕ್ಕ ತಾಳೆ ನೋಡುವಾಗ ಸುತ್ತಲಿನ ಸದ್ದಿನಿಂದ ಗಮನ ತಪ್ಪುತ್ತಿದೆ. ಮೂಲೆಯ ಸೀಟು ಸಿಕ್ಕರೆ, ಸದ್ದು ತಡೆಯುವ ಹೆಡ್‌ಫೋನ್ ಹಾಕಿಕೊಳ್ಳಲು ಅನುಮತಿ ಕೊಟ್ಟರೆ ಕೆಲಸ ಬೇಗ ಮುಗಿಯುತ್ತದೆ. ನನ್ನ ಸೀಟಿನ ಮೇಲಿನ ಟ್ಯೂಬ್‌ಲೈಟ್ ಆರಿಸಿ ಟೇಬಲ್ ಲ್ಯಾಂಪ್ ಇಟ್ಟುಕೊಳ್ಳಬಹುದೇ? ಬಾಯಲ್ಲಿ ಹೇಳಿದ ಕೆಲಸವನ್ನು ಎರಡು ಸಾಲಿನ ಮೇಲ್‌ನಲ್ಲೂ ಕಳಿಸಿದರೆ ಯಾವುದೂ ಬಿಟ್ಟುಹೋಗುವುದಿಲ್ಲ. ಒಂದು ತಿಂಗಳು ಹೀಗೆ ಮಾಡಿ ನೋಡೋಣ, ಆಮೇಲೆ ಕೂತು ಮಾತಾಡೋಣ.’

ಆ ಕೊನೆಯ ಸಾಲನ್ನು ಬಿಡಬೇಡಿ. ಶಾಶ್ವತವಾಗಿ ಒಪ್ಪಿಕೊಳ್ಳಿ ಅಂದರೆ ಹಿಂದೆ ಸರಿಯುವವರು, ತಿಂಗಳ ಮಟ್ಟಿಗೆ ನೋಡೋಣ ಅಂದರೆ ಒಪ್ಪುವುದು ಜಾಸ್ತಿ.

ಸದ್ದು ತಡೆಯಲಾಗದು ಅಂತ ಹೇಳಿಕೊಳ್ಳಲು ನಿಮಗೆ ಸಂಕೋಚ ಇರಬಹುದು, ನಾನೇ ಅತಿ ನಾಜೂಕು ಅಂತಲೂ ಅನಿಸಬಹುದು. ಅದು ನಾಜೂಕಲ್ಲ. ಮನೋವೈದ್ಯರು ಬಳಸುವ ಡಿಎಸ್‌ಎಂ ಕೈಪಿಡಿಯ 2013ರ ಐದನೇ ಆವೃತ್ತಿಯಲ್ಲಿ, ಸದ್ದು, ಬೆಳಕು, ಸ್ಪರ್ಶಕ್ಕೆ ಹೆಚ್ಚು ಅಥವಾ ಕಡಿಮೆ ಸ್ಪಂದಿಸುವುದು ಆಟಿಸಂನ ಲಕ್ಷಣಗಳಲ್ಲೇ ಸೇರಿದೆ. ಇಡೀ ದಿನ ಅದನ್ನು ಸಹಿಸಿಕೊಂಡು, ಏನೂ ಆಗಿಲ್ಲ ಅನ್ನುವ ಹಾಗೆ ಮುಖ ಇಟ್ಟುಕೊಂಡು, ಅದರ ಜೊತೆಗೆ ಲೆಕ್ಕವನ್ನೂ ತಪ್ಪಿಲ್ಲದೆ ಮಾಡುತ್ತಿದ್ದೀರಲ್ಲ, ನೀವು ಈಗಲೇ ಡಬಲ್ ಕೆಲಸ ಮಾಡುತ್ತಿದ್ದೀರಿ. ವರ್ಷಗಟ್ಟಲೆ ಹೀಗೇ ನಡೆದರೆ ಆರೋಗ್ಯ ಕೆಡುತ್ತದೆ. ದಯವಿಟ್ಟು ಮುಂದೂಡಬೇಡಿ.

ಈಗ ಆಟಿಸಂ ಅಂತ ಹೇಳಬೇಕಾ ಬೇಡವಾ ಅನ್ನೋದು. ಸೀಟು, ಹೆಡ್‌ಫೋನ್, ಮೇಲ್ ಇಷ್ಟಕ್ಕೆ ಒಳ್ಳೆಯ ಮ್ಯಾನೇಜರ್ ಆದರೆ ಕಾರಣವನ್ನೇ ಕೇಳುವುದಿಲ್ಲ. ಅಲ್ಲಿಗೇ ಮುಗಿದರೆ ಸಂತೋಷ. ಆದರೆ ಕೆಲಸದ ವೇಳೆ ಬದಲಾಗಬೇಕು, ಕೆಲವು ದಿನ ಮನೆಯಿಂದ ಕೆಲಸ ಬೇಕು, ಅಥವಾ ಇದನ್ನೇ ಮುಂದಿಟ್ಟು ನಿಮ್ಮ ಅಪ್ರೈಸಲ್ ಕೆಡಿಸುತ್ತಾರೆ ಅನ್ನುವ ಭಯ ಇದೆ ಅಂದರೆ ಎಚ್‌ಆರ್‌ಗೆ ಬರಹದಲ್ಲಿ ತಿಳಿಸಿರುವುದು ಒಳ್ಳೆಯದು. ಸಂಸ್ಥೆಗೆ ಗೊತ್ತೇ ಇಲ್ಲದಿದ್ದರೆ ಕಾನೂನಿನ ಆಸರೆ ಸಿಗುವುದು ಕಷ್ಟ. ಅವರು ವೈದ್ಯರ ಪತ್ರ ಕೇಳಬಹುದು, ಸಿದ್ಧವಾಗಿಟ್ಟುಕೊಳ್ಳಿ. ಸಹೋದ್ಯೋಗಿಗಳಿಗೆ ಹೇಳುವುದು ಬೇರೆಯೇ ವಿಷಯ. ಅವರಿಗೆ ಹೇಳಲೇಬೇಕು ಅಂತೇನಿಲ್ಲ, ಎಚ್‌ಆರ್‌ನವರಿಗೂ ಇದು ನಮ್ಮೊಳಗೇ ಇರಲಿ ಅಂತ ಸ್ಪಷ್ಟವಾಗಿ ಬರೆಯಿರಿ.

ನೀವು ಕೇಳುತ್ತಿರುವುದು ದಯೆ ಅಲ್ಲ. 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ ಪ್ರಕಾರ, ಸಂಸ್ಥೆಗೆ ಮಿತಿಮೀರಿದ ಹೊರೆ ಆಗದಂಥ ಹೊಂದಾಣಿಕೆಯನ್ನು ನಿರಾಕರಿಸುವುದೂ ತಾರತಮ್ಯವೇ. ಅಮೆರಿಕದ 1990ರ ಅಂಗವಿಕಲರ ಕಾಯ್ದೆ, ಬ್ರಿಟನ್ನಿನ 2010ರ ಸಮಾನತೆ ಕಾಯ್ದೆ ಎರಡರಲ್ಲೂ ಇಂಥ ಹೊಂದಾಣಿಕೆಯ ಮಾತಿದೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಸೇರಿದೆ. ಯಾರ ಮೇಲೆ ಎಷ್ಟು ಹೊಣೆ ಅನ್ನೋದು ದೇಶದಿಂದ ದೇಶಕ್ಕೆ ಬೇರೆ, ನಿಮಗೆ ಅನ್ವಯಿಸುವುದನ್ನು ಓದಿಟ್ಟುಕೊಳ್ಳಿ. ಆದರೆ ಮೊದಲ ಮೇಲ್‌ನಲ್ಲೇ ಕಾಯ್ದೆಯ ಹೆಸರು ಬೇಡ ಅನ್ನೋದು ನನ್ನ ಅಭಿಪ್ರಾಯ. ಆಗಲ್ಲ ಅಂದರೆ ಕಾರಣವನ್ನು ಬರಹದಲ್ಲಿ ಕೇಳಿ, ಬದಲಿಗೆ ಏನು ಸಾಧ್ಯ ಅಂತಲೂ ಕೇಳಿ. ಬಾಯಲ್ಲಿ ಮಾತಾದರೆ ಅದೇ ದಿನ ‘ನಾವು ಮಾತಾಡಿದ್ದು ಇಷ್ಟು’ ಅಂತ ಮೇಲ್ ಹಾಕಿಬಿಡಿ.

ಪ್ರಶ್ನೆ: ನಾನು ಕೆಲಸ ಹುಡುಕುತ್ತಿದ್ದೇನೆ, ನನಗೂ ಆಟಿಸಂ ಇದೆ. ಬರೆಯುವ ಪರೀಕ್ಷೆ ಸಲೀಸು. ಇಂಟರ್‌ವ್ಯೂನಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲು ಆಗಲ್ಲ, ‘ನಿಮ್ಮ ಬಗ್ಗೆ ಹೇಳಿ’ ಅಂದರೆ ಎಲ್ಲಿಂದ ಶುರು ಮಾಡಲಿ ತಿಳಿಯಲ್ಲ. ಬಯೋಡೇಟಾದಲ್ಲೇ ಬರೆದುಬಿಡಲಾ?
– ಒಬ್ಬ ಓದುಗರು

ಉತ್ತರ: ಬಯೋಡೇಟಾದಲ್ಲಿ ಬೇಡ. ಅಲ್ಲಿ ನಿಮ್ಮ ಕೆಲಸ ಮಾತ್ರ ಇರಲಿ. ಇಂಟರ್‌ವ್ಯೂಗೆ ಕರೆ ಬಂತಲ್ಲ, ಆ ಮೇಲ್‌ಗೆ ಉತ್ತರ ಬರೆಯುವಾಗ ಕೇಳಿ: ಯಾರ್‍ಯಾರು ಇರುತ್ತಾರೆ, ಎಷ್ಟು ಹೊತ್ತು, ಯಾವ ವಿಷಯದ ಮೇಲೆ ಪ್ರಶ್ನೆ, ಪ್ರಶ್ನೆಗಳನ್ನು ಮೊದಲೇ ಕಳಿಸಬಹುದಾ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ ಅಂತಲೂ ಹೇಳಬಹುದು. ಕಣ್ಣಿನ ವಿಷಯವನ್ನು ಕೂತ ತಕ್ಷಣ ಹೇಳಿಬಿಡಿ: ‘ಬೇರೆ ಕಡೆ ನೋಡುತ್ತಾ ಯೋಚಿಸಿದರೆ ನನಗೆ ಸುಲಭ, ನಿಮ್ಮ ಮಾತು ಕೇಳಿಸಿಕೊಳ್ಳುತ್ತಿರುತ್ತೇನೆ.’

ಮಾತಿನ ಬದಲು ಕೆಲಸ ಮಾಡಿ ತೋರಿಸುತ್ತೇನೆ ಅನ್ನಲೂ ಹಿಂಜರಿಯಬೇಡಿ. ಮೈಕ್ರೋಸಾಫ್ಟ್ ಕಂಪನಿ 2015ರಲ್ಲಿ ಆಟಿಸಂ ಇರುವವರಿಗಾಗಿ ಶುರು ಮಾಡಿದ ನೇಮಕಾತಿಯಲ್ಲಿ ಮಾಮೂಲಿ ಇಂಟರ್‌ವ್ಯೂಗಿಂತ ಕೆಲಸ ಮಾಡಿ ತೋರಿಸುವುದಕ್ಕೇ ಹೆಚ್ಚು ಜಾಗ ಕೊಟ್ಟಿತು. ನಿಮ್ಮ ಮೇಲ್ ನಾಲ್ಕೈದು ಸಾಲು ಇದ್ದರೆ ಸಾಕು. ಹಿಂದಿನ ರಾತ್ರಿ ಕಳಿಸಿದರೆ ಅವರಿಗೂ ಏನೂ ಮಾಡಲಾಗುವುದಿಲ್ಲ, ಹಾಗಾಗಿ ಕರೆ ಬಂದ ದಿನವೇ ಕಳಿಸಿ.