ನಿನ್ನೆಯ ಗಂಜಿಗೂ ಲೆಕ್ಕ

ಪ್ರಶ್ನೆ: ಆಹಾರ ಸಮೀಕ್ಷೆಯವರು ಬಂದು ನಿನ್ನೆ ಉಂಡದ್ದನ್ನೆಲ್ಲ ಕೇಳಿ, ಗಂಜಿಯ ಪಾತ್ರೆಯನ್ನೂ ಅಳೆದರು. ಒಂದು ದಿನದ ಊಟದಿಂದ ಏನು ತಿಳಿಯುತ್ತದೆ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ನಿಮ್ಮೊಬ್ಬರ ಬಗ್ಗೆ ಹೆಚ್ಚೇನೂ ತಿಳಿಯದು. ಬಹಳ ಮನೆಗಳ ಲೆಕ್ಕ ಸೇರಿದರೆ ಜನರ ಸರಾಸರಿ ಸಿಗುತ್ತದೆ. ಜನರ ಊಟ, ಪೋಷಣೆಯ ಸಮೀಕ್ಷೆಗೆಂದು 1972ರಲ್ಲಿ ಶುರುವಾದ ರಾಷ್ಟ್ರೀಯ ನ್ಯೂಟ್ರಿಷನ್ ಮಾನಿಟರಿಂಗ್ ಬ್ಯೂರೋ ಬಳಸಿದ್ದೂ ಇದೇ 24 ಗಂಟೆಯ ನೆನಪಿನ ಕ್ರಮವನ್ನು.

ಪಾತ್ರೆ ಅಳೆಯುವುದು ಯಾಕೆಂದರೆ, ಲೆಕ್ಕ ಬೇಕಾದದ್ದು ಹಸಿ ಅಕ್ಕಿಯದು. 500 ಗ್ರಾಂ ಕುಚ್ಚಲಕ್ಕಿ ಬೇಯಿಸಿ 10 ಕಪ್ ಗಂಜಿಯಾಯಿತು, ನೀವು 3 ಕಪ್ ಉಂಡಿರಿ ಎಂದರೆ ಅಕ್ಕಿ 150 ಗ್ರಾಂ. ಆದರೆ ಗಂಜಿಯಲ್ಲಿ ಅಗುಳು ತಳದಲ್ಲಿ, ತಿಳಿ ಮೇಲೆ. ಕಲಕದೆ ಬಡಿಸಿದ್ದರೆ ಮೊದಲು ಉಂಡವರಿಗೆ ಇಲ್ಲದ ಅಕ್ಕಿಯನ್ನು ಬರೆದಂತಾಗುತ್ತದೆ. ಬಂಗುಡೆಯ ತೂಕದಲ್ಲಿ ತಲೆ, ಮುಳ್ಳು ಕಳೆಯಬೇಕು. ತೆಂಗಿನಕಾಯಿಯದು ತುರಿಯ ತೂಕ, ಇಡೀ ಕಾಯಿಯದಲ್ಲ.

ಜನ ಮರೆಯುವುದು ಊಟವನ್ನಲ್ಲ. ಪೇಟೆಯಲ್ಲಿ ತಿಂದ ಪಳಂಪೊರಿ (ಬಾಳೆಹಣ್ಣಿನ ಬಜ್ಜಿ), ಚಹಾದ ಸಕ್ಕರೆ, ಒಗ್ಗರಣೆಯ ಎಣ್ಣೆ. ಅದಕ್ಕೇ ಕೆದಕಿ ಕೇಳುತ್ತಾರೆ, ಬೇಸರಿಸಬೇಡಿ. ನಿನ್ನೆ ದೈವದ ನೇಮವೋ ಮದುವೆಯೋ ಇದ್ದರೆ ಮೊದಲೇ ಹೇಳಿಬಿಡಿ. ಮತ್ತೊಂದು ದಿನ ಪುನಃ ಬಂದರೆ ಅನುಮಾನದಿಂದಲ್ಲ: ಒಬ್ಬರ ಊಟ ದಿನದಿಂದ ದಿನಕ್ಕೆ ಎಷ್ಟು ಏರುಪೇರಾಗುತ್ತದೆ ಎಂದು ನೋಡಲು.