ತಂತಿ ಮಾತು: ಗಮಕ ಮನೆಯಲ್ಲಿಟ್ಟು ಬನ್ನಿ

ಕಳೆದ ತಿಂಗಳು ಈ ಅಂಕಣದಲ್ಲಿ ನನ್ನ ಸ್ಟುಡಿಯೋ ದಿನಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಶಾಸ್ತ್ರೀಯ ಪಿಟೀಲು ಕಲಿತು ಮದ್ರಾಸಿಗೆ ಹೋದವನು, ವಯೋಲಾ, ಮ್ಯಾಂಡೊಲಿನ್ ಎಲ್ಲ ಹಿಡಿದು ಇಪ್ಪತ್ತಾರು ವರ್ಷ ಸಿನಿಮಾ ಹಾಡುಗಳಲ್ಲಿ ಹೊಟ್ಟೆ ಹೊರೆದೆ ಅಂತ. ಅಷ್ಟಕ್ಕೇ ಕಾಗದಗಳ ರಾಶಿ ಬಂದಿದೆ. ಎಲ್ಲಕ್ಕೂ ಉತ್ತರ ಬರೆಯಲು ಜಾಗವಿಲ್ಲ. ಐದನ್ನು ಆರಿಸಿದ್ದೇನೆ.

ಪ್ರಶ್ನೆ: ನನ್ನ ಮಗ ಹನ್ನೊಂದು ವರ್ಷ ಕರ್ನಾಟಕ ಸಂಗೀತದ ಪಿಟೀಲು ಕಲಿತ. ಸೀನಿಯರ್ ಪಾಸಾಗಿದೆ, ವಿದ್ವತ್ ಕಟ್ಟುವುದು ಬಾಕಿ. ಈಗ ಕೀಬೋರ್ಡು, ಮ್ಯಾಂಡೊಲಿನ್ ಅಂತ ಶುರು ಮಾಡಿಕೊಂಡು ಬೆಂಗಳೂರಿನಲ್ಲಿ ಒಂದು ಬ್ಯಾಂಡ್ ಸೇರಿದ್ದಾನೆ. ಸಿನಿಮಾ ಸಂಗೀತಕ್ಕೆ ಹೋಗುತ್ತಾನಂತೆ. ಇಷ್ಟು ವರ್ಷದ ಕಲಿಕೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ?
(ಒಬ್ಬ ತಂದೆ, ಹಾಸನ)

ಹಾಗೇನೂ ಆಗಿಲ್ಲ ಸರ್. ಆದರೆ ಮೊದಲ ವರ್ಷ ನಿಮ್ಮ ಮಗನಿಗೇ ಹಾಗೆ ಅನಿಸುತ್ತೆ. ನನಗೂ ಅನಿಸಿತ್ತು.

ನನ್ನ ಮೊದಲ ರೆಕಾರ್ಡಿಂಗ್ 1980ರಲ್ಲಿ. ನನಗೆ ಇಪ್ಪತ್ಮೂರು. ಹನ್ನೆರಡು ಪಿಟೀಲು, ಎಲ್ಲರೂ ಕುರ್ಚಿಯ ಮೇಲೆ. ನಾನು ಅಲ್ಲಿಯವರೆಗೆ ಕುರ್ಚಿಯಲ್ಲಿ ಕೂತು ಪಿಟೀಲು ಮುಟ್ಟಿದವನೇ ಅಲ್ಲ. ನಮ್ಮ ಪದ್ಧತಿ ನಿಮಗೆ ಗೊತ್ತಲ್ಲ, ಚಕ್ಕಳಮಕ್ಕಳ ಹಾಕಿ ಕೂತು ಪಿಟೀಲಿನ ತುದಿಯನ್ನು ಬಲಗಾಲಿನ ಮೇಲೆ ಊರುತ್ತೇವೆ, ಇನ್ನೊಂದು ಕಡೆ ಎದೆಗೋ ಹೆಗಲಿಗೋ ಒರಗಿರುತ್ತೆ. ವಾದ್ಯ ಅಲುಗುವುದಿಲ್ಲ. ಎಡಗೈ ಆರಾಮಾಗಿ ತಂತಿಯ ಮೇಲೆ ಜಾರುತ್ತೆ, ಗಮಕಕ್ಕೆ, ಅಂದರೆ ಸ್ವರವನ್ನು ತೂಗಿ ಜಾರಿಸುವುದಕ್ಕೆ, ಅದೇ ಬೇಕು. ಕುರ್ಚಿಯಲ್ಲಿ ಆ ಕಾಲು ಎಲ್ಲಿಂದ ಬರಬೇಕು? ಗದ್ದದಲ್ಲೇ ಒತ್ತಿ ಹಿಡಿಯಬೇಕು. ನನ್ನ ಪಿಟೀಲು ಜಾರಿ ಜಾರಿ ಹೊಟ್ಟೆಯ ಹತ್ತಿರ ಬರುತ್ತಿತ್ತು. ಪಕ್ಕದಲ್ಲಿದ್ದ ಹಿರಿಯರು ಮಾತಾಡದೆ ತಮ್ಮ ಕರವಸ್ತ್ರ ಮಡಚಿ ನನ್ನ ಗದ್ದದ ಕೆಳಗೆ ತುರುಕಿದರು.

ಆಮೇಲೆ ಶ್ರುತಿಯ ತಾಪತ್ರಯ. ನಾವು ತಂತಿಗಳನ್ನು ಸ-ಪ-ಸ-ಪ ಅಂತ ಕೂಡಿಸುತ್ತೇವೆ. ಸ್ಟುಡಿಯೋದಲ್ಲಿ ಪಾಶ್ಚಾತ್ಯ ಪದ್ಧತಿ, ಜಿ-ಡಿ-ಎ-ಇ. ಎಲ್ಲಕ್ಕಿಂತ ತಗ್ಗಿನ, ಮಂದ್ರದ ತಂತಿಯನ್ನೇ ಷಡ್ಜ, ಅಂದರೆ ಸ, ಅಂದುಕೊಳ್ಳಿ. ಮೊದಲ ಎರಡು ತಂತಿಗಳಲ್ಲಿ ತೊಂದರೆ ಇಲ್ಲ, ಸ-ಪ ಸರಿಹೋಗುತ್ತೆ. ಮೂರನೆಯದರಲ್ಲಿ ಷಡ್ಜ ಇರಬೇಕಾದ ಜಾಗದಲ್ಲಿ ಚತುಶ್ರುತಿ ರಿಷಭ ಕೂತಿರುತ್ತೆ. ನಾಲ್ಕನೆಯದರಲ್ಲಿ ಪಂಚಮದ ಜಾಗದಲ್ಲಿ ಚತುಶ್ರುತಿ ಧೈವತ. ಹದಿನಾರು ವರ್ಷ ಬೆರಳು ಒಂದು ಮನೆಯಲ್ಲಿ ಓಡಾಡಿರುತ್ತೆ. ಈಗ ಯಾರೋ ರಾತ್ರೋರಾತ್ರಿ ಒಳಕೋಣೆಯ ಗೋಡೆ ಸರಿಸಿಟ್ಟ ಹಾಗೆ.

ಹೇಗೋ ನಿಭಾಯಿಸಿದೆ ಅನ್ನುವಷ್ಟರಲ್ಲಿ ಒಂದು ಉದ್ದನೆಯ ಗಾಂಧಾರ ಬಂತು. ಅಭ್ಯಾಸಬಲ, ಸ್ವಲ್ಪ ಅಲ್ಲಾಡಿಸಿಬಿಟ್ಟೆ. ಹನ್ನೊಂದು ಪಿಟೀಲು ನೇರ ನಿಂತಿವೆ, ನನ್ನದೊಂದು ತೂಗುತ್ತಿದೆ. ಆಗೆಲ್ಲ ಗಾಯಕರು, ವಾದ್ಯದವರು ಎಲ್ಲ ಒಟ್ಟಿಗೇ ರೆಕಾರ್ಡ್ ಆಗುತ್ತಿದ್ದರು. ಒಬ್ಬ ತಪ್ಪಿದರೆ ಇಡೀ ಹಾಡು ಮೊದಲಿಂದ. ಮೂವತ್ತು ಜನ ವಾದ್ಯ ಕೆಳಗಿಳಿಸಿದರು. ಕಂಡಕ್ಟರ್ ನನ್ನ ಕಡೆ ನೋಡಿ, ತಮಿಳು ಬೆರೆಸಿದ ಕನ್ನಡದಲ್ಲಿ, ತುಂಬ ಮರ್ಯಾದೆಯಿಂದ ಹೇಳಿದರು: "ಸ್ವಾಮಿ, ಗಮಕ ಮನೆಯಲ್ಲಿಟ್ಟು ಬನ್ನಿ."

ಏಳನೇ ವಯಸ್ಸಿಗೆ ಮುಗಿಸಿದ್ದ ಮೊದಲ ಪಾಠ, ಸರಳೆ ವರಸೆಯನ್ನು ಇಪ್ಪತ್ಮೂರಕ್ಕೆ ಮತ್ತೆ ಶುರು ಮಾಡಿದೆ. ಈ ಸಲ ಮಾಯಾಮಾಳವಗೌಳ ರಾಗದಲ್ಲಿ ಅಲ್ಲ, ಪಾಶ್ಚಾತ್ಯರ ಮೇಜರ್ ಸ್ಕೇಲಿಗೆ ಹೊಂದುವ ಶಂಕರಾಭರಣದಲ್ಲಿ. ಒಂದು ಸ್ವರವೂ ಅಲುಗಬಾರದು. ಪಕ್ಕದ ಮನೆಯವರು ಹುಡುಗನಿಗೆ ಎಲ್ಲ ಮರೆತುಹೋಗಿದೆ ಅಂದುಕೊಂಡರು. ಊರಿಗೆ ಹೋದಾಗ ಮೇಷ್ಟ್ರ ಮುಂದೆ ಹಾಗೇ ನುಡಿಸಿ ತೋರಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ಈಗ ನಿನ್ನ ಅಪಸ್ವರ ಚೆನ್ನಾಗಿ ಕೇಳುತ್ತೆ" ಅಂದರು! ಗಮಕದ ಸೆರಗಲ್ಲಿ ಅಷ್ಟು ವರ್ಷ ಏನೇನು ಬಚ್ಚಿಟ್ಟಿದ್ದೆನೋ.

ಹಾಗಾದರೆ ಶಾಸ್ತ್ರೀಯ ಕಲಿತದ್ದು ಎಲ್ಲಿ ಉಪಯೋಗಕ್ಕೆ ಬಂತು? ಕಿವಿಗೆ. ಒಂದು ಸಲ ಹಾಡಿ ತೋರಿಸಿದರೆ ಮಟ್ಟು ತಲೆಯಲ್ಲಿ ಕೂರುತ್ತಿತ್ತು. ತಾಳ ತಪ್ಪುತ್ತಿರಲಿಲ್ಲ. "ಇಲ್ಲಿ ಹಂಸಧ್ವನಿಯ ಛಾಯೆ ಬೇಕು, ಸೋಲೋ ಕೊಡಿ" ಅಂದಾಗ ಉಳಿದ ಹನ್ನೊಂದು ಜನ ತಿರುಗಿ ನೋಡುತ್ತಿದ್ದದ್ದು ನನ್ನನ್ನೇ. ಅವತ್ತು ಗಮಕವನ್ನು ಮನೆಯಿಂದ ತರಬಹುದಿತ್ತು. ಬೇಕೆಂದಾಗ ತೆಗೆಯಬೇಕು, ಬೇಡವೆಂದಾಗ ಜೇಬಲ್ಲಿಡಬೇಕು. ನಿಮ್ಮ ಮಗನಿಗೆ ಇಷ್ಟು ಬಂದರೆ ಸಾಕು.

ಇನ್ನು ಅವನ ಮ್ಯಾಂಡೊಲಿನ್ ವಿಷಯ. ಅದು ಚಪಲ ಅಂತ ನೀವು ಅಂದುಕೊಂಡಿರಬಹುದು. ಆದರೆ ಮ್ಯಾಂಡೊಲಿನ್ನಿನ ಶ್ರುತಿ ಪಾಶ್ಚಾತ್ಯ ಪಿಟೀಲಿನದೇ, ಜಿ-ಡಿ-ಎ-ಇ. ಎಂಟು ತಂತಿ, ನಾಲ್ಕು ಜೋಡಿ. ಎಡಗೈಗೆ ಹೊಸದಾಗಿ ಕಲಿಯುವುದು ಕಮ್ಮಿ. ನನಗೆ ಅದು ಹತ್ತಿದ್ದು ಹೀಗೆ: ಒಂದು ದಿನ ಮ್ಯಾಂಡೊಲಿನ್‌ನವರು ಬರಲಿಲ್ಲ. ವಾದ್ಯ ಹಿಂದಿನ ದಿನದ್ದು ಅಲ್ಲೇ ಇತ್ತು. ಯಾರಾದರೂ ಎಂಟು ಬಾರ್ ನುಡಿಸುತ್ತೀರಾ ಅಂದರು. ಕೈ ಎತ್ತಿದೆ. ಮೀಟಲು ಪ್ಲೆಕ್ಟ್ರಂ ಇಲ್ಲ. ಸ್ಟುಡಿಯೋ ಬಾತ್‌ರೂಮಿನ ಪ್ಲಾಸ್ಟಿಕ್ ಸೋಪಿನ ಡಬ್ಬಿಯ ಮುಚ್ಚಳ ಕತ್ತರಿಸಿ, ನೆಲಕ್ಕೆ ಉಜ್ಜಿ ಚೂಪು ಮಾಡಿಕೊಂಡೆ. ಆ ದಿನ ದುಡ್ಡೇನೂ ಜಾಸ್ತಿ ಬರಲಿಲ್ಲ. ಮುಂದಿನ ವಾರದಿಂದ ಕರೆ ಜಾಸ್ತಿ ಬಂತು.

ದೊಡ್ಡವರ ಉದಾಹರಣೆ ಬೇಕಾದರೆ ಸಂಗೀತ ನಿರ್ದೇಶಕ ಇಳಯರಾಜ ಅವರನ್ನು ನೋಡಿ. ನಾನು ಅವರ ತಂಡದಲ್ಲಿ ಕೂತವನಲ್ಲ, ದೂರದಿಂದ ಕಂಡವನು. 1943ರಲ್ಲಿ ತಮಿಳುನಾಡಿನ ಪಣ್ಣೈಪುರಂ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಅಣ್ಣ ಪಾವಲರ್ ವರದರಾಜನ್ ಅವರ ಸಂಗೀತ ತಂಡದ ಜೊತೆ ಊರೂರು ಸುತ್ತಿದರು. ಮದ್ರಾಸಿಗೆ ಬಂದ ಮೇಲೆ ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸಂಗೀತ ಕಲಿತರು. ಲಂಡನ್ನಿನ ಟ್ರಿನಿಟಿ ಕಾಲೇಜಿನ ಕ್ಲಾಸಿಕಲ್ ಗಿಟಾರ್ ಪರೀಕ್ಷೆಯಲ್ಲಿ ಚಿನ್ನದ ಪದಕ ಬಂತು. ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿ ಕರ್ನಾಟಕ ಸಂಗೀತವನ್ನೂ ಕಲಿತರು. ಅಷ್ಟೆಲ್ಲ ಇದ್ದೂ ಹಲವು ವರ್ಷ ಬೇರೆಯವರ ಹಾಡಿಗೆ ಗಿಟಾರ್, ಕೀಬೋರ್ಡ್ ನುಡಿಸಿದರು. ಸಂಗೀತ ನಿರ್ದೇಶಕ ಸಲಿಲ್ ಚೌಧರಿ ಅವರಿಗೆ ಗಿಟಾರ್ ನುಡಿಸಿದ್ದುಂಟು. ನಮ್ಮ ಸಂಗೀತ ನಿರ್ದೇಶಕ ಜಿ. ಕೆ. ವೆಂಕಟೇಶ್ ಅವರಿಗೆ ಸಹಾಯಕರಾಗಿ ದುಡಿದರು. ಅದರಲ್ಲಿ ಹೆಚ್ಚಿನವು ಕನ್ನಡ ಚಿತ್ರಗಳೇ.

ನನಗೆ ತುಂಬ ಇಷ್ಟವಾದ ಸಂಗತಿ ಆ ಸಹಾಯಕನ ದಿನಗಳದ್ದು. ಅವರು ತಮ್ಮದೇ ರಚನೆಗಳನ್ನು ಸ್ವರಲಿಪಿಯಲ್ಲಿ ಬರೆದುಕೊಂಡು ಬರುತ್ತಿದ್ದರು. ರೆಕಾರ್ಡಿಂಗ್ ನಡುವೆ ಬಿಡುವು ಸಿಕ್ಕಾಗ ವೆಂಕಟೇಶ್ ಅವರ ವಾದ್ಯದವರನ್ನು ಒಲಿಸಿ ಅವರ ಕೈಯಲ್ಲಿ ಅದನ್ನು ನುಡಿಸಿ ಕೇಳುತ್ತಿದ್ದರು. ಯೋಚಿಸಿ, ಬಿಡುವು ಅಂದರೆ ನಮ್ಮವರು ಟೀ, ಸಿಗರೇಟು, ಇಸ್ಪೀಟು. ಅದನ್ನು ಬಿಟ್ಟು ಒಬ್ಬ ಸಹಾಯಕನ ಹಾಳೆ ಹಿಡಿದು ಕೂರಬೇಕಾದರೆ ಆ ಹಾಳೆಯಲ್ಲಿ ಏನೋ ಇದ್ದಿರಬೇಕು. 1976ರಲ್ಲಿ ಮೊದಲ ಚಿತ್ರ ಬಂತು. 2025ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಅವರ ಸಿಂಫನಿ ನುಡಿಯಿತು. ನಾನು ಇಪ್ಪತ್ತಾರು ವರ್ಷದಲ್ಲಿ ಬಿಡುವಿನಲ್ಲಿ ಏನು ಮಾಡಿದೆ ಅಂತ ಕೇಳಬೇಡಿ. ಇಸ್ಪೀಟಿನಲ್ಲಿ ನನ್ನನ್ನು ಸೋಲಿಸುವವರು ಕಮ್ಮಿ ಇದ್ದರು.

ಆದ್ದರಿಂದ ಮಗನಿಗೆ ಬ್ಯಾಂಡ್ ಬಿಡು ಅನ್ನಬೇಡಿ. ವಿದ್ವತ್ ಪರೀಕ್ಷೆಯನ್ನೂ ಕಟ್ಟಲಿ, ಸ್ಟಾಫ್ ನೊಟೇಶನ್, ಅಂದರೆ ಪಾಶ್ಚಾತ್ಯರ ಐದು ಗೆರೆಯ ಸ್ವರಲಿಪಿ, ಓದಲು ಕಲಿಯಲಿ. ದುಡ್ಡಿನ ವಿಷಯದಲ್ಲಿ ಮಾತ್ರ ನೀವು ಸ್ವಲ್ಪ ಬಿಗಿಯಾಗಿರಿ. ಒಬ್ಬ ನಿರ್ಮಾಪಕರಿಂದ ಐದು ಹಾಡಿನ ಬಾಕಿ ನನಗೆ ಇವತ್ತಿಗೂ ಬರಬೇಕು.

ಪ್ರಶ್ನೆ: ನಾನು ಸಿತಾರ್ ಕಲಿಯುತ್ತಿದ್ದೇನೆ. ಜೊತೆಗೆ ತಬಲಾ ಕೂಡ ಬರುತ್ತೆ. ಗುರುಗಳು "ಎರಡು ದೋಣಿಯಲ್ಲಿ ಕಾಲಿಡಬೇಡ" ಅನ್ನುತ್ತಾರೆ. ತಬಲಾ ಬಿಡಬೇಕಾ?
(ಒಬ್ಬ ವಿದ್ಯಾರ್ಥಿನಿ, ಧಾರವಾಡ)

ಗುರುಗಳು ಹೇಳಿದ್ದು ಈಗಿನ ಮಟ್ಟಿಗೆ ಸರಿ. ದಿನಕ್ಕೆ ನಾಲ್ಕು ಗಂಟೆ ಇದ್ದರೆ ಅದನ್ನು ಎರಡು ಹೋಳು ಮಾಡಬೇಡ ತಾಯಿ. ಆದರೆ ತಬಲಾ ಮಾರಬೇಡ.

ಕೋಲಿನಿಂದ ನುಡಿಸುವ ತಂತಿವಾದ್ಯ ಸಂತೂರಿನ ಶಿವಕುಮಾರ ಶರ್ಮಾ ಗೊತ್ತಲ್ಲ? ಜಮ್ಮುವಿನವರು. ತಂದೆ ಉಮಾದತ್ತ ಶರ್ಮಾ ಅವರೇ ಗುರು. ಮೊದಲು ಕಲಿತದ್ದು ಗಾಯನ ಮತ್ತು ತಬಲಾ, ಸಂತೂರ್ ಆಮೇಲೆ ಬಂದದ್ದು. 1965ರ 'ಗೈಡ್' ಚಿತ್ರದಲ್ಲಿ ವಹೀದಾ ರೆಹಮಾನ್ ಕುಣಿಯುವ ಒಂದು ಹಾಡಿಗೆ ತಬಲಾ ನುಡಿಸಿದ್ದು ಅವರೇ. ಮುಂದೆ ಕೊಳಲಿನ ಹರಿಪ್ರಸಾದ್ ಚೌರಾಸಿಯಾ ಜೊತೆ ಸೇರಿ ಶಿವ್-ಹರಿ ಹೆಸರಲ್ಲಿ ಚಿತ್ರಸಂಗೀತ ಮಾಡಿದರು, 1981ರ 'ಸಿಲ್‌ಸಿಲಾ'ದಿಂದ ಶುರು. ಅವರ ಸಂತೂರ್ ಕೇಳುವಾಗ ಲಯದ ಲೆಕ್ಕಾಚಾರ ಗಮನಿಸು. ಕೋಲು ಹಿಡಿದ ಬೆರಳಿನ ಹಿಂದೆ ತಬಲಾ ಕೂತಿದೆ. ನಿನ್ನ ಸಿತಾರಿನಲ್ಲೂ ಅದು ಬಂದರೆ ಗುರುಗಳು ಬೇಡ ಅನ್ನುವುದಿಲ್ಲ.

ಪ್ರಶ್ನೆ: ಸಿನಿಮಾ, ಆರ್ಕೆಸ್ಟ್ರಾ ಕೆಲಸಕ್ಕೆ ಎಷ್ಟು ವಾದ್ಯ ಕಲಿತಿರಬೇಕು?
(ಒಬ್ಬ ಓದುಗರು, ದಾವಣಗೆರೆ)

ಎರಡು. ಒಂದು ಪೂರ್ತಿ, ಇನ್ನೊಂದು ಮುಕ್ಕಾಲು, ಮೂರನೆಯದು ಕಾಲು. ಕೂಡಿದರೆ ಎರಡೇ. "ನನಗೆ ಒಂಬತ್ತು ವಾದ್ಯ ಬರುತ್ತೆ" ಅಂತ ವಿಸಿಟಿಂಗ್ ಕಾರ್ಡಿನಲ್ಲಿ ಹಾಕಿಸಿಕೊಂಡವರನ್ನು ನೋಡಿದ್ದೇನೆ. ಅವರಿಗೆ ಶ್ರುತಿ ಮಾಡಲು ಬರುತ್ತಿದ್ದದ್ದು ಹಾರ್ಮೋನಿಯಂ ಒಂದೇ. ಅದಕ್ಕೆ ಶ್ರುತಿ ಮಾಡುವ ಕೆಲಸವಿಲ್ಲ ಅಲ್ವಾ!

ಪ್ರಶ್ನೆ: ಒಂದು ಕೀಬೋರ್ಡಿನಲ್ಲೇ ಪಿಟೀಲು, ಕೊಳಲು, ವೀಣೆ ಎಲ್ಲ ಬರುವಾಗ ನಿಮ್ಮಂಥವರು ಯಾಕೆ ಬೇಕು?
(ಒಬ್ಬ ಓದುಗರು, ತುಮಕೂರು)

ನೇರವಾಗಿ ಕೇಳಿದ್ದೀರಿ, ಸಂತೋಷ. ಕೀಬೋರ್ಡು ನಮ್ಮ ಅನ್ನಕ್ಕೆ ಕೈ ಹಾಕಿದ್ದು ನಿಜ. ತೊಂಬತ್ತರ ದಶಕದಲ್ಲಿ ಒಂದು ಸಲ ಮೂರು ತಿಂಗಳು ನನ್ನ ಮನೆಯ ಫೋನ್ ಹೊಡೆದುಕೊಳ್ಳಲಿಲ್ಲ. ಗಣೇಶನ ಹಬ್ಬದ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾ ನುಡಿಸಿದೆ. ಅಲ್ಲೂ ಕೀಬೋರ್ಡಿನವನೇ ರಾಜ. ಹನ್ನೆರಡು ಪಿಟೀಲು ಒಟ್ಟಿಗೆ ಉದ್ದಕ್ಕೆ ಎಳೆಯುವ ಸ್ವರವನ್ನು ಕೀಬೋರ್ಡು ಚೆನ್ನಾಗೇ ಕೊಡುತ್ತೆ, ಸುಮ್ನೆ ಇಲ್ಲ ಅನ್ನಬಾರದು. ಒಬ್ಬನೇ ನುಡಿಸುವಾಗ ಕಮಾನಿನ ಒತ್ತಡ ಬದಲಾಗುವುದು, ಒಂದು ಸ್ವರದಿಂದ ಇನ್ನೊಂದಕ್ಕೆ ಬೆರಳು ಜಾರುವುದು ಇದೆಯಲ್ಲ, ಅಲ್ಲಿ ಅದು ಸಿಕ್ಕಿಬೀಳುತ್ತೆ. ಈಗ ಹುಡುಗರು ಹನ್ನೊಂದು ಪಿಟೀಲು ಕಂಪ್ಯೂಟರಿನಲ್ಲಿ ಹಾಕಿ, ಮೇಲೆ ಒಂದೇ ಒಂದು ನಿಜವಾದದ್ದು ಕೂರಿಸುತ್ತಾರೆ. ಆ ಒಂದಕ್ಕೆ ನನಗೂ ಆಗಾಗ ಕರೆ ಬರುತ್ತೆ. ಮನೆಯಲ್ಲೇ ನುಡಿಸಿ ಫೈಲ್ ಕಳಿಸುತ್ತೇನೆ. ಕುಕ್ಕರ್ ಕೂಗುವ ಮೊದಲು ಮುಗಿಸಬೇಕು, ಅಷ್ಟೇ.

ಪ್ರಶ್ನೆ: ನನ್ನದು ಕರ್ನಾಟಕ ಪದ್ಧತಿಗೆ ಶ್ರುತಿ ಮಾಡಿದ ಪಿಟೀಲು. ಕಾಲೇಜು ಬ್ಯಾಂಡಿಗಾಗಿ ಅದನ್ನೇ ಜಿ-ಡಿ-ಎ-ಇಗೆ ಬಿಗಿ ಮಾಡಿಕೊಳ್ಳಬಹುದೇ?
(ಒಬ್ಬ ವಿದ್ಯಾರ್ಥಿ, ಕುಂದಾಪುರ)

ಮಾಡಬಹುದು, ಆದರೆ ವಾರಕ್ಕೆ ಎರಡು ಸಲ ಆ ಕಡೆ ಈ ಕಡೆ ತಿರುಗಿಸುತ್ತಾ ಕೂರಬೇಡಪ್ಪ. ಸೆಕೆಂಡ್ ಹ್ಯಾಂಡಾದರೂ ಪರವಾಗಿಲ್ಲ, ಇನ್ನೊಂದು ಪಿಟೀಲು ತೆಗೆದುಕೋ. ಅಲ್ಲಿಯವರೆಗೆ ಹೀಗೆ ಮಾಡು. ಹಳೆಯ ತಂತಿ ಬಿಚ್ಚಿ ಹೊಸ ಸೆಟ್ ಹಾಕು, ಒಂದೊಂದಾಗಿ. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ಕುದುರೆ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು, ಬೀಳುತ್ತೆ, ಒಳಗಿನ ಕಡ್ಡಿಯೂ ಬೀಳಬಹುದು. ಬಿರಡೆಯನ್ನು ಒಳಕ್ಕೆ ಒತ್ತುತ್ತಾ ನಿಧಾನಕ್ಕೆ ತಿರುಗಿಸು. ತಂತಿ ಬಿಗಿಯಾಗುವಾಗ ಕುದುರೆಯ ತಲೆ ಮುಂದಕ್ಕೆ ಬಾಗುತ್ತೆ, ನಡುನಡುವೆ ಎರಡು ಕೈಯಲ್ಲಿ ಹಿಡಿದು ನೆಟ್ಟಗೆ ಮಾಡು. ಮುಖ ಮಾತ್ರ ದೂರ ಇಟ್ಟುಕೋ. ಅವಸರದಲ್ಲಿ ನಾನು ಬಗ್ಗಿ ನೋಡುತ್ತಾ ಇ ತಂತಿ ಬಿಗಿ ಮಾಡಿದವನು. ನನ್ನ ಎಡ ಹುಬ್ಬಿನ ಮೇಲೆ ಒಂದು ಗೆರೆ ಇದೆ, ಇಲ್ಲಿ ಅಚ್ಚಾಗುವ ಫೋಟೋದಲ್ಲೂ ಕಾಣಿಸುತ್ತೆ, ನೋಡು.